ಅಜ್ಜ ತಮಹುಯನ ಮೀಟರು

ನಮ್ಮ ಅಜ್ಜ ತಮಹುಯ ಸತ್ತುಹೋಗಿದ್ದಾನೆಂದು ನಮಗೆ ತಿಳಿಸಿದ್ದು ಕರೆಂಟಿನ ಕಂಪನಿ. ಅಲ್ಲಿಯವರೆಗೆ ನಮಗೆ ಗೊತ್ತೇ ಇರಲಿಲ್ಲ. ತಲೆತಲಾಂತರದಿಂದ ನಮ್ಮ ಕುಲದವರೆಲ್ಲ ಅವನ ಎದೆಗೂಡಿನೊಳಗೇ ಕೂತು ಮಾತಾಡಿ, ಸಾಲಾಗಿ ಹಾಸಿಗೆ ಹಾಸಿ ಮಲಗಿ, ಜಗಳವಾಡಿ, ಮದುವೆ ಮಾಡಿ, ಸತ್ತವರನ್ನು ಕಳಿಸಿಕೊಟ್ಟು ಬಂದಿದ್ದೇವೆ. ಕುಲದವರೆಲ್ಲ ಸೇರುವ ನಮ್ಮ ಮರಾಯೆಯ ಅಂಗಳದಲ್ಲಿರುವ ದೊಡ್ಡ ಮನೆ ಎಂದರೆ ಅವನೇ. ಚಾವಣಿಯ ನಡುದೂಲ ಅವನ ಬೆನ್ನುಮೂಳೆ, ಇಳಿಜಾರಿನ ತೊಲೆಗಳು ಅವನ ಪಕ್ಕೆಲುಬು, ಮುಂದಿನ ಎರಡು ಹಲಗೆಗಳು ಬಾ ಎಂದು ಚಾಚಿದ ತೋಳು. ಒಳಗೆ ನಡುಗಂಬದ ಬುಡದಲ್ಲಿ ಕೆತ್ತನೆಯಾಗಿ ನಾಲಿಗೆ ಚಾಚಿಕೊಂಡು, ಚಿಪ್ಪಿನ ಕಣ್ಣು ಹೊಳೆಯಿಸುತ್ತ ನಿಂತಿರುವವನೂ ಅವನೇ. ಇಷ್ಟೆಲ್ಲ ಇರುವವನನ್ನು ಯಾರಾದರೂ ಸತ್ತಿದ್ದಾನೆ ಅನ್ನುತ್ತಾರೆಯೇ?

ಹಳೆಯ ಮೀಟರುಗಳನ್ನೆಲ್ಲ ಕಿತ್ತು ಸ್ಮಾರ್ಟ್ ಮೀಟರು ಕೂರಿಸುತ್ತ ಕಂಪನಿಯವರು ನಮ್ಮ ಕಡಲತೀರಕ್ಕೂ ಬಂದ ವರ್ಷವೇ ಈ ಎಡವಟ್ಟು ಶುರುವಾಯಿತು. ವ್ಯಾನಿನಲ್ಲಿ ಬಂದ ಮೀಟರಿನವನಿಗೆ ಅವಸರವೋ ಅವಸರ. ನಮ್ಮ ಹಳೆಯ ಮೀಟರಿನೊಳಗೊಂದು ತಟ್ಟೆಯಿತ್ತು. ಅಡುಗೆಮನೆಯಲ್ಲಿ ಒಲೆ ಹಚ್ಚಿದರೆ ಓಡುತ್ತಿತ್ತು, ಆರಿಸಿದರೆ ನಿಲ್ಲುತ್ತಿತ್ತು. ಅದಕ್ಕಿಂತ ಬುದ್ಧಿವಂತ ಮೀಟರು ಇನ್ನೆಂಥದ್ದು ಬೇಕೋ ನನಗೆ ತಿಳಿಯದು. ಅವನು ಅದನ್ನು ಕಿತ್ತು ಚೀಲಕ್ಕೆ ಹಾಕಿಕೊಂಡು, ಬೂದು ಬಣ್ಣದ ಡಬ್ಬಿಯೊಂದನ್ನು ಗೋಡೆಗೆ ಕೂರಿಸಿ, ಮಕರೆತಾ ಅತ್ತೆಯನ್ನು ಕೇಳಿದ. ಅತ್ತೆ ನಮ್ಮ ಕುಲದ ಹಿರಿಯ ಹೆಂಗಸು. ಬಂದವರನ್ನು ಅಂಗಳಕ್ಕೆ ಕೂಗಿ ಕರೆಯುವ ದನಿ ಅವಳದು. ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡುವವಳು.

"ಈ ಮನೇಲಿ ಯಾರಿರ್ತಾರೆ?"

"ತಮಹುಯ."

"ಒಬ್ರೇನಾ?"

"ಅವನನ್ನ ನಾವು ಯಾವತ್ತೂ ಒಬ್ಬನ್ನೇ ಬಿಟ್ಟಿಲ್ಲಪ್ಪ."

"ಎಷ್ಟು ವರ್ಷದಿಂದ ಇದಾರೆ?"

"ನಮ್ಮಮ್ಮ ಹುಟ್ಟೋಕೂ ಮುಂಚಿಂದ."

ಅವನು ಕೈಯಲ್ಲಿದ್ದ ಯಂತ್ರದಲ್ಲಿ 'ತಮಹುಯ' ಎಂದು ಹೊಡೆದುಕೊಂಡು, ಅತ್ತೆಯ ಫೋನ್ ನಂಬರು ತೆಗೆದುಕೊಂಡು ಹೊರಟುಹೋದ. ಅಂದಿನಿಂದ ನಮ್ಮಜ್ಜ ಕಂಪನಿಯ ಗ್ರಾಹಕ. ಬಿಲ್ಲು ಮರಾಯೆಯ ಬ್ಯಾಂಕ್ ಖಾತೆಯಿಂದ ತಾನಾಗಿ ಕಟ್ಟಿಹೋಗುತ್ತಿತ್ತು. ಆಗಾಗ ಬರುತ್ತಿದ್ದ ಜಾಹೀರಾತಿನ ಕಾಗದಗಳನ್ನು ನನ್ನ ಚಿಕ್ಕಪ್ಪನ ಮಗ ರಾವಿರಿ ಕಂಬದ ಮುಂದೆ ನಿಂತು ಓದಿಹೇಳುತ್ತಿದ್ದ: "ಶ್ರೀಮಾನ್ ತಮಹುಯ ಅವರೇ, ಈ ಚಳಿಗಾಲದಲ್ಲಿ ನಿಮ್ಮ ಮನೆ ಬೆಚ್ಚಗಿದೆಯೇ?" ಸ್ಕೂಲ್ ಬಸ್ ಓಡಿಸುವ ರಾವಿರಿಗೆ ಎಲ್ಲವೂ ತಮಾಷೆ. ನಾವೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನಗು ಬಂದದ್ದು ಅಷ್ಟೇ ದಿನ.

ಹೋದ ವರ್ಷ ಚಳಿಗಾಲದ ಕೊನೆಗೆ ತೂರೋವಾ ಮಾವ ಪಟ್ಟಣದ ಆಸ್ಪತ್ರೆಯಲ್ಲಿ ತೀರಿಕೊಂಡ. ನಮ್ಮ ಮರಾಯೆಯ ಅಡುಗೆಮನೆಗೆ ಜೀವಮಾನವಿಡೀ ಅವನೇ ಯಜಮಾನ. ಯಾರ ಮದುವೆಯಾಗಲಿ ಯಾರ ಸಾವಾಗಲಿ, ಹಿಂದೆ ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತ ನಿಂತಿರುವ ಆ ಎತ್ತರದ ಮನುಷ್ಯನೇ ನಮಗೆ ಧೈರ್ಯ. ಅವನ ಕೈಕೆಳಗೆ ಗೆಣಸು ಹೆರೆಯುತ್ತ ಬೆಳೆದವಳು ನಾನು, ವೈಮಾರಿಯೆ. ಅವನಿಗೆ ಕೈಲಾಗದಾದಾಗ ಸೌಟು ನನ್ನ ಕೈಗೆ ಬಂತು. ಕೊನೆಯ ಸಲ ಆಸ್ಪತ್ರೆಗೆ ಹೋಗಿದ್ದಾಗ ಅವನು ಹೇಳಿದ್ದು ಒಂದೇ ಮಾತು.

"ವೈ, ನನ್ನ ದಿನ ಯಾರಿಗೂ ತಣ್ಣಗಿನ ತಟ್ಟೆ ಕೊಡ್ಬೇಡ. ಸ್ಯಾಂಡ್‌ವಿಚ್ಚು ಗೀಂಡ್‌ವಿಚ್ಚು ಅಂತ ಏನಾದ್ರೂ ಇಟ್ಟೆ ಅಂದ್ರೆ ಪೆಟ್ಟಿಗೆಯಿಂದ ಎದ್ದು ಬರ್ತೀನಿ, ನೋಡ್ತಿರು."

"ಸುಮ್ನಿರು ಮಾವ, ನೀನೇ ಬಂದು ಬಡಿಸುವೆಯಂತೆ," ಎಂದು ನಕ್ಕಿದ್ದೆ. ಆದರೆ ಅವನ ಮಾತನ್ನು ಎದೆಯಲ್ಲಿ ಇಟ್ಟುಕೊಂಡೇ ಬಂದಿದ್ದೆ. ಬಂದವರಿಗೆ ಬಿಸಿಬಿಸಿ ಬಡಿಸಲಾಗದ ಮರಾಯೆಗಿಂತ ದೊಡ್ಡ ಅವಮಾನ ನಮ್ಮಲ್ಲಿ ಬೇರೆ ಇಲ್ಲ. ಅದೂ ತೂರೋವಾ ಮಾವನ ಸಾವಿನಲ್ಲಿ!

ಶುಕ್ರವಾರ ಬೆಳಿಗ್ಗೆ ಅಡುಗೆಮನೆಯ ಬೀಗ ತೆಗೆದು ದೀಪದ ಸ್ವಿಚ್ಚು ಒತ್ತಿದೆ. ಹೊತ್ತಲಿಲ್ಲ. ಕೋಲ್ಡ್ ರೂಮಿನ ಬಾಗಿಲು ತೆಗೆದರೆ ಬೆಚ್ಚಗಿನ ಗಾಳಿ ಮುಖಕ್ಕೆ ಬಡಿಯಿತು. ನಲ್ಲಿ ತಿರುಗಿಸಿದರೆ ಬರೀ ಕೆಮ್ಮು. ಬಾವಿಯ ಪಂಪು ನಿಂತಿತ್ತು. ಒಲೆಗಳೆಲ್ಲ ಕರೆಂಟಿನವು. ಹೊರಗೆ ರಾವಿರಿಯ ಗಾಡಿಯಲ್ಲಿ ಎರಡು ಹಂದಿ, ಕುರಿ, ಗೋಣಿಗಟ್ಟಲೆ ಚಿಪ್ಪುಮೀನು. ಮಧ್ಯಾಹ್ನ ಮಾವನ ಪೆಟ್ಟಿಗೆ ಬರುವುದಿತ್ತು, ಅದರ ಹಿಂದೆ ತೀರದ ಜನವೆಲ್ಲ. ಸೋಮವಾರ ಮಣ್ಣು. ಪಕ್ಕದ ಮನೆಗಳಲ್ಲಿ ದೀಪ ಉರಿಯುತ್ತಿತ್ತು. ಕರೆಂಟು ಹೋಗಿದ್ದು ನಮಗೊಬ್ಬರಿಗೇ.

ಕಂಪನಿಗೆ ಫೋನ್ ಮಾಡಿದೆ. ಹಾಡು ಕೇಳಿಸಿದರು. ನನ್ನ ಕರೆ ಅವರಿಗೆ ಬಹಳ ಮುಖ್ಯವೆಂದು ಮತ್ತೆ ಮತ್ತೆ ಹೇಳಿದರು. ಕೊನೆಗೆ ಟಿಫನಿ ಎಂಬ ಹುಡುಗಿ ಸಿಕ್ಕಳು.

"ಕ್ಷಮಿಸಿ ಮೇಡಂ, ಖಾತೆದಾರರ ಹತ್ರ ಮಾತ್ರ ನಾವು ಮಾತಾಡ್ಬಹುದು. ತಮಹುಯ ಅವರು ಇದಾರಾ? ಒಂದ್ನಿಮಿಷ… ಓ. ಅವರು ತೀರ್ಕೊಂಡಿದಾರೆ ಅಂತ ತೋರಿಸ್ತಾ ಇದೆ. ನಿಮ್ಮ ದುಃಖದಲ್ಲಿ ನಾವೂ ಭಾಗಿ, ಮೇಡಂ."

"ಯಾರು ತೀರ್ಕೊಂಡಿದ್ದು?"

"ತಮಹುಯ ಅವರು."

"ಯಾವಾಗ?"

"ಹೋದ ತಿಂಗಳು."

ಎಳೆದು ಎಳೆದು ಕೇಳಿದ ಮೇಲೆ ವಿಷಯ ಹೊರಬಂತು. ಗ್ರಾಹಕರ ವಿವರ ಸರಿಪಡಿಸುವ ನೆಪದಲ್ಲಿ ಕಂಪನಿಯವನೊಬ್ಬ ಮಕರೆತಾ ಅತ್ತೆಗೆ ಫೋನ್ ಮಾಡಿ, ತಮಹುಯನ ವಯಸ್ಸು ಕೇಳಿದ್ದನಂತೆ. ಅತ್ತೆ ಯಾಕೆ ಸುಳ್ಳು ಹೇಳುತ್ತಾಳೆ? "ನಾನೂರು ದಾಟಿರ್ಬೇಕು" ಅಂದಿದ್ದಾಳೆ. ಅವನು ತನ್ನ ಯಂತ್ರ ಒಪ್ಪುವ ಅತಿ ದೊಡ್ಡ ಅಂಕಿ ಯಾವುದೋ ಅದನ್ನು ಒತ್ತಿದ್ದಾನೆ. ಅಷ್ಟು ವಯಸ್ಸಾದವರನ್ನು ಆ ಯಂತ್ರ ತಾನೇ ಸಾಯಿಸಿಬಿಡುತ್ತದಂತೆ. ಸತ್ತವನ ಮನೆ, ಕರೆಂಟೂ ಅಷ್ಟಾಗಿ ಖರ್ಚಾಗುತ್ತಿಲ್ಲ, ಅಂದಮೇಲೆ ಖಾಲಿ ಮನೆ. ಪಟ್ಟಣದಲ್ಲಿ ಕೂತು ಗುಂಡಿ ಒತ್ತಿದ್ದಾರೆ. ಸ್ಮಾರ್ಟ್ ಮೀಟರು ಹೇಳಿದಂತೆ ಕೇಳಿದೆ. ಹಿಂದೆಲ್ಲ ಕರೆಂಟು ಕಡಿಯಬೇಕಾದರೆ ಒಬ್ಬ ಮನುಷ್ಯ ಬರಬೇಕಿತ್ತು. ಬಂದವನು ಚಹಾ ಕುಡಿಯುತ್ತಿದ್ದ, ಅಂಗಳದಲ್ಲಿ ನಿಂತು ಸುತ್ತ ನೋಡುತ್ತಿದ್ದ, ಇದು ಎಂಥ ಜಾಗವೆಂದು ಅವನಿಗೇ ತಿಳಿಯುತ್ತಿತ್ತು. ಈಗ ಯಾರೂ ಬರಬೇಕಿಲ್ಲ, ಯಾರ ಮುಖವನ್ನೂ ನೋಡಬೇಕಿಲ್ಲ.

"ಆಯ್ತಮ್ಮ, ಗುಂಡಿ ಒತ್ತಿ ತೆಗ್ದಿದೀರಲ್ಲ, ಈಗ ಗುಂಡಿ ಒತ್ತಿ ಕೊಡಿ. ಮನೇಲಿ ಸಾವಾಗಿದೆ."

"ಹೌದು ಮೇಡಂ, ತಮಹುಯ ಅವರದು—"

"ತಮಹುಯಂದಲ್ಲ! ನಮ್ಮ ಮಾವಂದು!"

"ಓ. ಅವರಿಗೂ ನಮ್ಮ ಸಂತಾಪ. ಆದ್ರೆ ಖಾತೆ ಮುಚ್ಚಿದೆ ಮೇಡಂ. ಮತ್ತೆ ತೆರೀಬೇಕಂದ್ರೆ ತಮಹುಯ ಅವರ ಮರಣ ಪತ್ರ ಬೇಕು, ವಾರಸುದಾರರ ಸಹಿ ಬೇಕು. ವಾರಸುದಾರರು ಯಾರು?"

"ಈ ತೀರದಲ್ಲಿ ಉಸಿರಾಡೋರೆಲ್ಲ."

"ಒಬ್ಬರ ಹೆಸರು ಸಾಕು ಮೇಡಂ. ಕೆಲಸದ ದಿನ ಮೂರು ಹಿಡಿಯತ್ತೆ. ಬುಧವಾರದೊಳಗೆ ಆಗತ್ತೆ."

ಬುಧವಾರ! ಸೋಮವಾರ ಮಣ್ಣಿಗೆ ಹೋಗುವವನಿಗೆ ಬುಧವಾರ ಕರೆಂಟು! ನನ್ನ ಕೋಪ ನೆತ್ತಿಗೇರಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಆ ಹುಡುಗಿ ಪಾಪ, ನನ್ನ ಬೈಗುಳಕ್ಕೂ ಸಂತಾಪ ಹೇಳಿದಳು. ಅವಳ ಮೇಲೆ ಕೂಗಾಡಿ ಏನು ಬಂತು? ಗುಂಡಿ ಅವಳ ಕೈಯಲ್ಲಿರಲಿಲ್ಲ. ಅದು ಯಾರ ಕೈಯಲ್ಲಿದೆಯೆಂದು ಅವಳಿಗೂ ಗೊತ್ತಿರಲಿಲ್ಲ.

ದೊಡ್ಡ ಮನೆಯೊಳಗೆ ಅತ್ತೆ ಮಾವನ ಪೆಟ್ಟಿಗೆಗೆಂದು ಚಾಪೆ ಹಾಸುತ್ತಿದ್ದಳು. ಹೋಗಿ ಎಲ್ಲ ಹೇಳಿದೆ. ನನ್ನ ಪಕ್ಕದಲ್ಲಿ ರಾವಿರಿ ಕಿಸಕ್ಕೆಂದ.

"ನಗ್ಬೇಡ ಕಣೋ, ಕತ್ತೆ," ಎಂದಳು ಅತ್ತೆ. ಕಂಬದ ಕಡೆ ತಿರುಗಿದಳು. "ನಮ್ಮಜ್ಜ ಸತ್ತ ಅಂತ ಹೇಳಿದ್ದು ಯಾರು?"

"ಕಂಪನಿಯವ್ರು, ಅತ್ತೆ."

"ಸರಿ ಮತ್ತೆ. ಸತ್ತ ಅಂತ ಹೇಳಿದವ್ರು ಅಳೋದಕ್ಕೂ ಬರ್ಬೇಕಲ್ವಾ? ರೇಡಿಯೋದಲ್ಲಿ ಹೇಳ್ಸು."

"ಅತ್ತೆ, ತಮಾಷೆ ಮಾಡ್ತಿಲ್ಲ ತಾನೆ?"

"ನನ್ನ ಜೊತೆ ಬೆಳೆದ ತೂರೋವಾ ಇವತ್ತು ಬರ್ತಿದಾನೆ. ಅವನ ಹಾಸಿಗೆ ಹಾಸ್ತಾ ಇದೀನಿ. ತಮಾಷೆ ಮಾಡೋ ಮುಖನಾ ಇದು?"

ರಾವಿರಿಯ ನಗು ಅಲ್ಲಿಗೆ ನಿಂತಿತು. ಅವನು ಫೋನ್ ತೆಗೆದುಕೊಂಡು ಹೊರಗೆ ಹೋದ.

ಸಿಟ್ಟು ಒಂದು ಕಡೆ, ಹಸಿದ ಹೊಟ್ಟೆ ಇನ್ನೊಂದು ಕಡೆ. ರಾವಿರಿಯ ಅಣ್ಣನ ಹೊಲದಿಂದ ಜನರೇಟರ್ ತರಿಸಿದೆವು. ಅದು ಕೋಲ್ಡ್ ರೂಮನ್ನು ಎತ್ತಿಹಿಡಿದರೆ ಪಂಪು ಎತ್ತದು, ಪಂಪು ಎತ್ತಿದರೆ ಕೋಲ್ಡ್ ರೂಮು ಎತ್ತದು. ಮಾಂಸ ಕೆಡಬಾರದೆಂದು ಕೋಲ್ಡ್ ರೂಮಿಗೆ ಹಾಕಿ, ನೀರನ್ನು ಹೊಳೆಯಿಂದ ಹೊತ್ತೆವು. ಗಂಡಸರು ಹಿತ್ತಲಲ್ಲಿ ಹಾಂಗಿಯ ಗುಂಡಿ ತೋಡಿ, ಕಟ್ಟಿಗೆಯಲ್ಲಿ ಕಲ್ಲು ಕಾಯಿಸಿದರು. ಕೆಂಡವಾದ ಕಲ್ಲುಗಳ ಮೇಲೆ ಮಾಂಸ, ಗೆಣಸು, ಕುಂಬಳದ ಬುಟ್ಟಿಗಳನ್ನಿಟ್ಟು, ಒದ್ದೆ ಗೋಣಿ ಹೊದಿಸಿ ಮಣ್ಣು ಮುಚ್ಚಿದೆವು. ಹಾಂಗಿ ನಮಗೇನು ಹೊಸತಲ್ಲ. ಆದರೆ ಅದು ದಿನಕ್ಕೊಂದು ಊಟಕ್ಕೆ ಸರಿ. ಬೆಳಗಿನಿಂದ ಸಂಜೆಯವರೆಗೆ ಹಿಂಡು ಹಿಂಡಾಗಿ ಬರುವವರಿಗೆ ಚಹಾ, ಸಾರು, ಕರಿದ ರೊಟ್ಟಿ, ತೊಳೆಯಲು ಬಿಸಿನೀರು ಎಲ್ಲದಕ್ಕೂ ಬಯಲೊಲೆ. ನನ್ನಮ್ಮನ ವಯಸ್ಸಿನ ಹೆಂಗಸರು, ಮಂಡಿ ಸವೆದವರು, ಕರಿಯ ಬಟ್ಟೆ ಉಟ್ಟು ಮಾವನ ಪಕ್ಕ ಕೂತು ಅಳಬೇಕಾದವರು, ಎರಡೂ ಕೈಯಲ್ಲಿ ಬಕೆಟ್ಟು ಹಿಡಿದು ದಿಬ್ಬ ಹತ್ತಿದರು. ಗೋಡೆಯ ಮೇಲಿನ ಬೂದು ಡಬ್ಬಿಯಲ್ಲಿ ಒಂದು ಸಣ್ಣ ಕೆಂಪು ದೀಪ ಮಾತ್ರ ಮಿಟುಕುತ್ತಲೇ ಇತ್ತು. ನಮಗೆ ಕೊಡಲು ಕರೆಂಟಿಲ್ಲ, ತನ್ನ ಕಣ್ಣು ಹೊಡೆಯಲು ಇದೆ! ಬಕೆಟ್ಟಿನಿಂದ ಕುಕ್ಕಿ ಒಡೆದುಹಾಕೋಣ ಅನ್ನಿಸಿತು. ದೊಡ್ಡ ಮನೆಯಲ್ಲಿ ಮಾವನಿದ್ದಾನೆಂದು ಕೈ ತಡೆದುಕೊಂಡೆ.

ಶನಿವಾರ ಬೆಳಿಗ್ಗೆ ತೀರದ ರೇಡಿಯೋದಲ್ಲಿ ಸಾವಿನ ಸುದ್ದಿ ಓದುವ ಹೊತ್ತಿಗೆ ತೂರೋವಾ ಮಾವನ ಹೆಸರಿನ ಹಿಂದೆಯೇ ಇದೂ ಬಂತು: "ನಮ್ಮೆಲ್ಲರ ಅಜ್ಜ ತಮಹುಯ ಹೋದ ತಿಂಗಳು ತೀರಿಕೊಂಡಿದ್ದಾನೆಂದು ಕರೆಂಟಿನ ಕಂಪನಿ ತಿಳಿಸಿದೆ. ಮಾವನ ಜೊತೆಯಲ್ಲೇ ಅವನಿಗೂ ಅಳು. ಮನೆಯಲ್ಲಿ ದೀಪವಿಲ್ಲ, ಲಾಟೀನು ತನ್ನಿ. ಸಂತಾಪ ಹೇಳುವವರು ಮೊದಲು ಸುದ್ದಿ ಕೊಟ್ಟವರಿಗೇ ಹೇಳಿ." ಕೊನೆಗೆ ಕಂಪನಿಯ ನಂಬರು.

ಜನ ಹೇಳಿದರು ನೋಡಿ ಸಂತಾಪ! ಗದ್ದಲ ಮಾಡಲಿಲ್ಲ, ಬೈಯಲಿಲ್ಲ. ಒಬ್ಬರಾದ ಮೇಲೊಬ್ಬರು ಫೋನ್ ಮಾಡಿ, ಕ್ಯೂನಲ್ಲಿ ಹಾಡು ಕೇಳಿ, ಟಿಫನಿಯೋ ಇನ್ನೊಬ್ಬಳೋ ಎತ್ತಿದ ಕೂಡಲೇ "ನಮ್ಮಜ್ಜ ಹೋದನಂತೆ, ನಿಮಗೆ ಗೊತ್ತಾದದ್ದು ಹೇಗೆ? ಕೊನೇಲಿ ಏನಾದ್ರೂ ಹೇಳಿದ್ನಾ?" ಎಂದು ಅತ್ತರು. ಮುದುಕಿಯೊಬ್ಬಳು ತನ್ನ ವಂಶಾವಳಿಯನ್ನು ತಮಹುಯನಿಂದ ಹಿಡಿದು ತನ್ನವರೆಗೆ ಪೂರ್ತಿ ಹಾಡಿ ಒಪ್ಪಿಸಿದಳಂತೆ. ಆ ಹುಡುಗಿಯರು ಫೋನ್ ಇಡುವಂತೆಯೂ ಇಲ್ಲ, ಕೇಳುವಂತೆಯೂ ಇಲ್ಲ. ಆಸ್ಟ್ರೇಲಿಯಾದ ಗಣಿಗಳಲ್ಲಿರುವ ನಮ್ಮವರೂ ಮಾಡಿದರಂತೆ. ಭಾನುವಾರ ಮಧ್ಯಾಹ್ನ ಕಂಪನಿಯ ದೊಡ್ಡ ಮನುಷ್ಯ ಡಂಕನ್ ಎಂಬವನು ಕಾರಿನಲ್ಲಿ ಬಂದು ಗೇಟಿನ ಮುಂದೆ ನಿಂತ.

ನೆಟ್ಟಗೆ ಮೀಟರಿನ ಹತ್ತಿರ ಹೋಗಲು ನೋಡಿದ. ರಾವಿರಿ ತಡೆದ.

"ಹಾಗೆ ನುಗ್ಗಂಗಿಲ್ಲ ಸಾರ್. ಕರೀತಾರೆ, ಆಮೇಲೆ ಬನ್ನಿ."

ಅಲ್ಲಿ ಕಾಯುತ್ತಿದ್ದ ಇತರರ ಜೊತೆ ಅವನೂ ನಿಂತ. ಅತ್ತೆ ಜಗಲಿಯ ಮೇಲೆ ಬಂದು ಕೂಗಿದಳು. ಆ ದನಿ ಕೇಳಿದರೆ ನಮಗೇ ಮೈ ಜುಮ್ಮೆನ್ನುತ್ತದೆ. ಅವನ ಮುಖದ ಬಣ್ಣವೇ ಹೋಯಿತು. ನಿಧಾನ ನಡೆದು ಬಂದು, ಮಾವನ ಪೆಟ್ಟಿಗೆಯ ಮುಂದೆ ತಲೆಬಗ್ಗಿಸಿ, ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತ. ನಮ್ಮ ಹಿರಿಯರು ಎದ್ದು ಮಾವನೊಂದಿಗೆ ಮಾತಾಡಿದರು, ಆಮೇಲೆ ಕಂಬದೊಂದಿಗೆ. "ಅಜ್ಜ, ನಿನ್ನನ್ನ ಕೊಂದವ್ರು ಬಂದಿದಾರೆ. ಎದ್ದು ನೋಡು," ಎಂದ ಒಬ್ಬ. ಯಾರೂ ನಗಲಿಲ್ಲ. ಬಂದವರ ಸರದಿ ಬಂದಾಗ ಡಂಕನ್ ಎದ್ದ.

"ಆಗಿರೋ ಅನಾನುಕೂಲಕ್ಕೆ ಕಂಪನಿಯ ಪರವಾಗಿ ನಿಮ್ಮೆಲ್ಲರ ಹತ್ರ—"

"ನಮ್ಮ ಹತ್ರ ಅಲ್ಲಪ್ಪ," ಅತ್ತೆ ಕೂತಲ್ಲಿಂದಲೇ ಹೇಳಿದಳು. "ಸತ್ತವನ ಹತ್ರ ಹೇಳು. ಅಲ್ಲಿದಾನೆ."

ಅವನು ಕಂಬದ ಕಡೆ ತಿರುಗಿದ. ಕಂಪನಿಯ ಪರವಾಗಿ ಹೇಳುವ ಮಾತುಗಳೆಲ್ಲ ಬದುಕಿದವರ ಕಿವಿಗೆ ಮಾಡಿದಂಥವು, ಅಲ್ಲಿ ನಡೆಯುವುದಿಲ್ಲ. ಕೊನೆಗೆ "ತಪ್ಪಾಯ್ತು" ಎಂದಷ್ಟೇ ಹೇಳಿ ಕೂತ. ಆಮೇಲೆ ನಮ್ಮ ಪದ್ಧತಿಯಂತೆ ಸಾಲಾಗಿ ನಿಂತು ಎಲ್ಲರೂ ಅವನ ಮೂಗಿಗೆ ಮೂಗು ತಾಗಿಸಿದೆವು. ನನ್ನ ಸರದಿ ಬಂದಾಗ ಹಲ್ಲು ಕಚ್ಚಿಕೊಂಡೇ ತಾಗಿಸಿದೆ.

"ಈಗ್ಲೇ ಕರೆಂಟ್ ಕೊಡಿಸ್ತೀನಿ," ಎಂದು ಅವನು ಫೋನ್ ತೆಗೆದ. "ಎರಡು ನಿಮಿಷದ ಕೆಲಸ."

ಎರಡು ನಿಮಿಷದ ಕೆಲಸ! ಶುಕ್ರವಾರದಿಂದ ಮುದುಕಿಯರ ಕೈಯಲ್ಲಿ ಹೊಳೆಯ ನೀರು ಹೊರಿಸಿದ್ದು ಎರಡು ನಿಮಿಷದ ಕೆಲಸಕ್ಕೆ! ನನ್ನ ಕೈಯಲ್ಲಿ ಸೌಟಿತ್ತು. ಅದರಿಂದ ಅವನ ತಲೆಗೊಂದು ಬಿಟ್ಟಿದ್ದರೆ ಮಾವನೂ ಬೇಡ ಅನ್ನುತ್ತಿರಲಿಲ್ಲ ಎಂದುಕೊಂಡೆ. ಮರುಕ್ಷಣ ಗೊತ್ತಾಯಿತು, ಮಾವ ಖಂಡಿತ ಬೇಡ ಅನ್ನುತ್ತಿದ್ದ. ಬಂದವನು ಅವನ ದಿನಕ್ಕೆ ಬಂದವನು.

"ಫೋನ್ ಒಳಗಿಡಿ," ಎಂದೆ. "ಮೊದ್ಲು ಊಟ."

"ಅಯ್ಯೋ, ಪರ್ವಾಗಿಲ್ಲ, ನಾನು ದಾರೀಲಿ ಸ್ಯಾಂಡ್‌ವಿಚ್—"

"ನಮ್ಮ ಮಾವನ ಮನೇಲಿ ಆ ಹೆಸ್ರು ಎತ್ಬೇಡಿ. ಕೂತ್ಕೊಳ್ಳಿ."

ಊಟದ ಮನೆಯಲ್ಲಿ ಹಾಂಗಿಯ ಬುಟ್ಟಿ ಆಗತಾನೆ ತೆರೆದಿತ್ತು. ಹಂದಿಯ ಒಳ್ಳೆಯ ತುಂಡು ಆರಿಸಿ, ಹೊಗೆಯಾಡುವ ಗೆಣಸು ಸೇರಿಸಿ, ತಟ್ಟೆಯನ್ನು ಅವನ ಮುಂದೆ ಕುಕ್ಕಿದೆ. ತುತ್ತು ಬಿಸಿಯಾಗಿ ಬಾಯಿ ಸುಟ್ಟುಕೊಂಡ. ನನಗೆ ಒಂದಿಷ್ಟು ಸಮಾಧಾನವಾಯಿತು.

ತಟ್ಟೆ ಖಾಲಿಯಾದ ಮೇಲೆ ಅವನು ಫೋನ್ ಹಚ್ಚಿ, ಅತ್ತೆಯನ್ನು ಕೇಳಿದ: "ಖಾತೆ ಯಾರ ಹೆಸರಿಗೆ ಮಾಡ್ಲಿ ಅಮ್ಮ? ನಿಮ್ಮ ಹೆಸರಿಗೆ ಮಾಡ್ಲಾ?"

"ನಾನಿನ್ನೆಷ್ಟು ದಿನ ಇರ್ತೀನಿ? ನಾನು ಸತ್ರೆ ಮತ್ತೆ ಕತ್ಲೆ ಮಾಡ್ತೀಯ. ಮನೆಯವನು ಯಾರೋ ಅವನ ಹೆಸರಿಗೇ ಇರ್ಲಿ."

"ಆದ್ರೆ ಆ ಹೆಸರು ಸತ್ತವರಲ್ಲಿ ಸೇರ್ಬಿಟ್ಟಿದೆ."

"ಸೇರಿಸಿದ್ದು ಯಾರು?"

ಅವನು ಪಟ್ಟಣದವರೊಂದಿಗೆ ಮಾತಾಡಿದ. ಆ ಕಡೆಯವನು ಏನೇನೋ ಕೇಳುತ್ತಿದ್ದ. ಈ ಕಡೆಯ ಮಾತು ಮಾತ್ರ ನಮಗೆ ಕೇಳಿಸಿತು.

"ಹೌದು, ತಮಹುಯ. ಸಾವು ತಪ್ಪಾಗಿ ಸೇರಿದೆ, ತೆಗೀರಿ… ಇಲ್ಲ, ಪತ್ರ ಇಲ್ಲ… ಕಾರಣಾನಾ?" ಬೆರಳಿಗೆ ಹತ್ತಿದ ಮಣ್ಣು, ಎಣ್ಣೆ ನೋಡಿಕೊಂಡ. ಕಿಟಕಿಯಾಚೆ ದೊಡ್ಡ ಮನೆಯ ಚಾಚಿದ ತೋಳುಗಳು ಕಾಣುತ್ತಿದ್ದವು. "ಗ್ರಾಹಕರು ಬದುಕಿದಾರೆ ಅಂತ ಬರ್ಕೊಳ್ಳಿ. ಹೌದ್ರೀ, ನಾನೇ ನೋಡಿದೀನಿ. ಅವರ ಮನೇಲೇ ಊಟ ಮಾಡಿದೀನಿ."

ತಲೆಯ ಮೇಲಿನ ದೀಪ ಹೊತ್ತಿತು. ಹಿಂದೆ ಪಂಪು ಗುರ್ರೆಂದಿತು. ಯಾರೋ ತೆರೆದಿಟ್ಟು ಮರೆತಿದ್ದ ನಲ್ಲಿಯಿಂದ ನೀರು ಧೋ ಎಂದು ಸುರಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ನಮ್ಮದನ್ನು ನಮಗೆ ಕೊಟ್ಟವನಿಗೆ ಎಂಥ ಚಪ್ಪಾಳೆ? ಅತ್ತೆ ಎದ್ದು ಹೋಗಿ ನಲ್ಲಿ ನಿಲ್ಲಿಸಿದಳು.

ಸೋಮವಾರ ಮಾವನನ್ನು ಗುಡ್ಡದ ಮೇಲೆ ಮಣ್ಣು ಮಾಡಿ ಬಂದೆವು. ಬಂದವರಲ್ಲಿ ಒಬ್ಬರೂ ತಣ್ಣಗಿನದನ್ನು ತಿನ್ನಲಿಲ್ಲ. ಕೊನೆಯ ತಟ್ಟೆ ಬಡಿಸಿದ ಮೇಲೆ ಒಲೆಯ ಪಕ್ಕ ಕೂತು ನಾನು ಅತ್ತುಬಿಟ್ಟೆ. ಆವರೆಗೆ ನನಗೆ ಅಳಲು ಪುರಸೊತ್ತೇ ಆಗಿರಲಿಲ್ಲ. ಕಂಪನಿಯ ಮೇಲೆ ನನಗಿರುವ ಸಿಟ್ಟುಗಳಲ್ಲಿ ದೊಡ್ಡದು ಇದೇ. ಮಾವನ ಪಕ್ಕ ಕೂರಬೇಕಾದ ಮೂರು ದಿನವನ್ನು ನಾನು ಬಕೆಟ್ಟಿನ ಪಕ್ಕ ಕಳೆದೆ. ಅದನ್ನು ಯಾವ ಗುಂಡಿ ಒತ್ತಿ ಮರಳಿ ಕೊಡುತ್ತಾರೆ?

ಮುಂದಿನ ವಾರ ದೊಡ್ಡ ಮನೆ ಗುಡಿಸುತ್ತಿದ್ದಾಗ ನನ್ನ ಫೋನ್ ಬಡಿಯಿತು. ಡಂಕನ್ ನನ್ನ ನಂಬರನ್ನೂ ಖಾತೆಗೆ ಸೇರಿಸಿದ್ದ.

"ನಮಸ್ಕಾರ, ಕಂಪನಿಯಿಂದ ಮಾತಾಡ್ತಿದೀವಿ. ಇತ್ತೀಚೆಗೆ ನಿಮಗೆ ಕೊಟ್ಟ ಸೇವೆ ಹೇಗಿತ್ತು ಅಂತ ಎರಡು ಪ್ರಶ್ನೆ ಕೇಳೋದಿತ್ತು. ತಮಹುಯ ಅವರು ಇದಾರಾ?"

ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಇದಾರೆ," ಎಂದೆ. "ಕೊಡ್ತೀನಿ. ಅವರು ಮಾತಾಡೋದು ನಿಧಾನ. ಪೂರ್ತಿ ಕೇಳಿಸ್ಕೊಳ್ದೆ ಇಡ್ಬೇಡಿ."

ಫೋನನ್ನು ಕಂಬದ ಬುಡದಲ್ಲಿ, ಅಜ್ಜನ ಕಾಲ ಹತ್ತಿರ, ತೂರೋವಾ ಮಾವನ ಫೋಟೋಕ್ಕೆ ಒರಗಿಸಿಟ್ಟು, ಪೊರಕೆ ಎತ್ತಿಕೊಂಡು ನಾನು ಜಗಲಿ ಗುಡಿಸಲು ಹೋದೆ.